ಹೌನ್ಸ್ಲೋ ಅಟ್ಟದ ಕೋವಿ

ಕೊಡಗಿನವಳು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೋವಿಯ ಬಗ್ಗೆ ಕೇಳುತ್ತಾರೆ. ನಾನು ಬೆಳೆದದ್ದು ಮೈಸೂರಿನಲ್ಲಿ, ಓದಿದ್ದು ಸಂಖ್ಯಾಶಾಸ್ತ್ರ. ಕೈಲ್ ಮುಹೂರ್ತ ಹಬ್ಬಕ್ಕೆ ಅಜ್ಜನ ಮನೆಗೆ ಹೋದಾಗ ಪೂಜೆಗಿಟ್ಟ ಕೋವಿಗಳ ನಳಿಗೆಗೆ ಹೂ ಸಿಕ್ಕಿಸಿದ್ದೇನೆ. ನನ್ನ ಶಸ್ತ್ರಾಭ್ಯಾಸ ಅಲ್ಲಿಗೆ ಮುಗಿಯಿತು. ಆದರೂ ಇಂಗ್ಲಿಷರ ದೇಶದ ಈ ಹೌನ್ಸ್ಲೋದಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಇಂದಿರಾ ಕಾಕು ಕೇಳಿದಾಗ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ದೇಚಮ್ಮ, ಸೂರು ರಿಪೇರಿಯವ ಹೇಳಿದ ನೋಡು, ಅಟ್ಟದ ಮ್ಯಾಲ ಬಂದೂಕ ಅದ ಅಂತ. ಈ ಮನಿ ಮೊದಲು ಒಬ್ಬ ಸಿಪಾಯೀದಿತ್ತು. ನಿಮ್ಮ ಮಂದಿಗೆ ಬಂದೂಕ ಅಂದ್ರ ಸೌಟು ಇದ್ದಂಗಲ್ಲ? ಯಾವ ಕಾಲದ್ದು, ಏನು ಬೆಲಿ ಬರ್ತದ, ನೋಡಿ ಹೇಳವಾ."

ಧಾರವಾಡದವರ ಅಂತಃಕರಣಕ್ಕೆ ಎದುರಾಡುವುದು ಕಷ್ಟ. "ಅದಕ್ಕೇನಂತೆ ಕಾಕು!" ಎಂದು ಏಣಿ ಹತ್ತಿದೆ.

ಅಟ್ಟದಲ್ಲಿ ಎಲ್ಲದರ ಮೇಲೂ ಬೆರಳುದಪ್ಪ ಧೂಳು. ಮೂಲೆಯಲ್ಲಿದ್ದ ಬೂದು ಕಂಬಳಿಯ ಮೇಲೆ ಮಾತ್ರ ಒಂದು ಕಣವೂ ಇರಲಿಲ್ಲ. ಬಿಚ್ಚಿದೆ. ಹೊಸ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕೋವಿಯ ಮರದ ಹಿಡಿ ಯಾರೋ ಈಗಷ್ಟೇ ಕೈಬಿಟ್ಟಂತೆ ಬೆಚ್ಚಗಿತ್ತು. ಬಿಸಿನೀರಿನ ಪೈಪು ಹತ್ತಿರವಿರಬೇಕು ಎಂದುಕೊಂಡೆ. ಹತ್ತಿರ ಪೈಪಿರಲಿಲ್ಲ.

ಉಕ್ಕಿನ ಮೇಲೆ ಕಿರೀಟದ ಮುದ್ರೆಯೂ ಸವೆದ ಅಕ್ಷರಗಳೂ ಇದ್ದವು. ಫೋನಿನಲ್ಲಿ ಎರಡು ವಿಡಿಯೊ ನೋಡಿ, ಇದು ಮೊದಲ ಮಹಾಯುದ್ಧದ ಲೀ-ಎನ್‌ಫೀಲ್ಡ್ ರೈಫಲ್ ಎಂದು ತೀರ್ಪಿತ್ತೆ. ಗುಂಡು ತುಂಬುವ ಜಾಗವನ್ನು ಮುಚ್ಚುವ ಉಕ್ಕಿನ ಅಗುಳಿ, ಅಂದರೆ ಬೋಲ್ಟು, ಹಿಂದಕ್ಕೆ ಎಳೆದು ತೆರೆದಿತ್ತು. ತೆರೆದಿಟ್ಟದ್ದನ್ನು ಮುಚ್ಚುವುದು ನನ್ನ ಸ್ವಭಾವ. ಖಟಕ್! ಮುಚ್ಚಿ ಇಳಿದೆ.

ಮರುದಿನ ಫೋಟೊ ತೆಗೆಯಲು ಹತ್ತಿದರೆ ಬೋಲ್ಟು ತೆರೆದಿತ್ತು.

"ಕಾಕು, ಮೇಲೆ ಯಾರಾದರೂ ಹೋಗಿದ್ದರಾ?"

"ಯಾರು ಹೋಗ್ತಾರ? ನಿಮ್ಮ ಕಾಕಾಗ ಮೊಣಕಾಲ ನೋವು, ನನಗ ಜೇಡರ ಹುಳ ಅಂದ್ರ ಆಗೂದಿಲ್ಲ."

ಮತ್ತೆ ಮುಚ್ಚಿದೆ. ಮಧ್ಯಾಹ್ನ ನನ್ನ ಕೋಣೆಯಲ್ಲಿ ಕೂತು ಆಫೀಸಿನ ಮೀಟಿಂಗಿನಲ್ಲಿ ಮಾತಾಡುತ್ತಿದ್ದಾಗ ನೆತ್ತಿಯ ಮೇಲೆ ಸದ್ದಾಯಿತು. ಖಟಕ್. ನನ್ನ ಭ್ರಮೆ ಎಂದುಕೊಳ್ಳುವ ಸುಖವನ್ನೂ ಸಹೋದ್ಯೋಗಿಯೊಬ್ಬಳು ಕಿತ್ತುಕೊಂಡಳು. "ನಿಮ್ಮನೆಗೆ ಯಾರೋ ಬಂದ ಹಾಗಿದೆ" ಎಂದಳು.

ಈ ವಸ್ತು ಬೇಗ ಮನೆಯಿಂದ ತೊಲಗಲಿ ಎಂದು ಹಳೆಯ ಆಯುಧಗಳ ವ್ಯಾಪಾರಿಯೊಬ್ಬರಿಗೆ ಮೇಲ್ ಬರೆದೆ. ಕಾಕುವಿನ ಕಥೆಯೆಲ್ಲ ಯಾಕೆ ಎಂದು, 'ನನ್ನ ಬಳಿ ಒಂದು ರೈಫಲ್ ಇದೆ' ಎಂದೇ ಆರಂಭಿಸಿ, ಕೆಳಗೆ ಪೂರ್ಣ ಹೆಸರು ಹಾಕಿದೆ. ಉತ್ತರ ಒಂದೇ ಸಾಲು: ಇದಕ್ಕೆ ನಿಮ್ಮಲ್ಲಿ ಯಾವ ಲೈಸೆನ್ಸ್ ಇದೆ?

ಲೈಸೆನ್ಸ್! ಕೊಡವರಿಗೆ ಊರಲ್ಲಿ ಅದರಿಂದ ವಿನಾಯಿತಿ ಇದೆ. ಅಜ್ಜನ ಮನೆಯಲ್ಲಿ ಕೋವಿ ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕ ತೂಗುತ್ತಿತ್ತು. ಇಲ್ಲಿ ಲೈಸೆನ್ಸ್ ಇಲ್ಲದ ಕೋವಿಗೆ ಜೈಲು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅದೂ ಯಾವಾಗ? ಈ ದೇಶದಲ್ಲಿ ಕಾಯಂ ಆಗಿ ಉಳಿಯಲು ನಾನು ಹಾಕಿದ ಅರ್ಜಿ ಇನ್ನೂ ತೀರ್ಮಾನವಾಗದೆ ಕೂತಿರುವಾಗ! ಅರ್ಜಿದಾರರಿಗೆ ಸನ್ನಡತೆ ಇರಬೇಕಂತೆ. ನಾನಾದರೋ ತಪ್ಪೊಪ್ಪಿಗೆಯನ್ನು ಫೋಟೊ ಸಮೇತ ಕಳಿಸಿದ್ದೆ.

"ಪೊಲೀಸರಿಗೆ ನೀನ ಮೊದಲು ಹೇಳಿಬಿಡು" ಎಂದರು ಕಾಕುವಿನ ಗಂಡ ಡಾಕ್ಟರ್ ಕಾಕಾ.

ಕೋವಿಯನ್ನು ಕೆಳಗೆ ತಂದು, ಅದನ್ನು ಹಿಡಿದುಕೊಂಡೇ ಫೋನ್ ಮಾಡಿದೆ. ಎಲ್ಲವನ್ನೂ ನಿಖರವಾಗಿ ಹೇಳುವುದು ನನ್ನ ಹೆಮ್ಮೆ. "ನನ್ನ ಕೈಯಲ್ಲಿ ರೈಫಲ್ ಇದೆ. ಮನೆಯಲ್ಲಿ ಇಬ್ಬರು ವಯಸ್ಸಾದವರಿದ್ದಾರೆ. ತುಂಬಾ ಹೆದರಿದ್ದಾರೆ. ಸೋಫಾದ ಮೇಲೆ ಅಲುಗಾಡದೆ ಕೂತಿದ್ದಾರೆ."

ಒಂದೊಂದು ವಾಕ್ಯವೂ ಸತ್ಯ!

ಸ್ವಲ್ಪ ಹೊತ್ತಿಗೆ ಬೀದಿ ನೀಲಿ ಬೆಳಕಿನಲ್ಲಿ ಮುಳುಗಿತು. ನಿಜವಾದ ಬಂದೂಕು ಹಿಡಿದ ಪೊಲೀಸರು ಬೇಲಿಯ ಹಿಂದೆ ಕುಳಿತು, ನನ್ನನ್ನು ಕೈಯೆತ್ತಿ ಹೊರಗೆ ಬರಲು ಕೂಗಿದರು. ಬೀದಿಯಲ್ಲಿ ಈವರೆಗೆ ಯಾರಿಗೂ ನನ್ನ ಹೆಸರು ತಿಳಿದಿರಲಿಲ್ಲ, ಅದೇ ನನಗೆ ನೆಮ್ಮದಿಯಾಗಿತ್ತು. ಈಗ ಪೂರ್ಣ ಹೆಸರು ಮೈಕಿನಲ್ಲಿ ಬಂತು. ಹವಾಯಿ ಚಪ್ಪಲಿಯಲ್ಲಿ ಹೊರಗೆ ಹೋದೆ. ಹಿಂದಿನಿಂದ ಕಾಕು, "ಪಾಪ ಹುಡುಗೀರಿ ಅದು! ಒಳಗ ಬರ್ರಿ, ಚಾ ಕುಡೀರಿ" ಎಂದು ಕೂಗುತ್ತಿದ್ದರು.

ಗೊಂದಲ ತಿಳಿಯಾದ ಮೇಲೆ ಅಧಿಕಾರಿ ಕೋವಿಯನ್ನು ಊಟದ ಮೇಜಿನ ಮೇಲಿಟ್ಟು ಟಾರ್ಚ್ ಬಿಟ್ಟರು. ನಳಿಗೆಯೊಳಗೆ ಉಕ್ಕು ತುಂಬಿ ಬೆಸುಗೆ ಹಾಕಿತ್ತು. ಕೋವಿಯನ್ನು ಎಂದೋ ನಿಷ್ಕ್ರಿಯಗೊಳಿಸಿದ್ದಕ್ಕೆ ಮುದ್ರೆಯೂ ಇತ್ತು. ಗೋಡೆಗೆ ತೂಗುಹಾಕುವ ಅಲಂಕಾರ, ಲೈಸೆನ್ಸೇ ಬೇಡ. "ನೀವು ಒಮ್ಮೆಯೂ ನಳಿಗೆಯೊಳಗೆ ಇಣುಕಲಿಲ್ಲವೇ?" ಎಂದು ಕೇಳಿದರು.

ನಳಿಗೆಯೊಳಗೆ ಇಣುಕಬಾರದು ಎಂಬುದೊಂದೇ ಅಜ್ಜ ನನಗೆ ಕಲಿಸಿದ್ದ ನಿಯಮ!

"ಆದರೆ ಚೆನ್ನಾಗಿ ನೋಡಿಕೊಂಡಿದ್ದೀರಿ. ಎಣ್ಣೆ ಹಾಕಿದ್ದೀರಿ, ಬೋಲ್ಟು ತೆರೆದಿಟ್ಟಿದ್ದೀರಿ. ಹಾಗೆ ಇಡುವುದೇ ಸರಿಯಾದ ಕ್ರಮ" ಎಂದರು ಅಧಿಕಾರಿ.

"ಎಣ್ಣೆ ನಾನು ಹಾಕಿಲ್ಲ. ಬೋಲ್ಟನ್ನು ನಾನು ಮುಚ್ಚುತ್ತಿದ್ದೆ" ಎಂದೆ.

"ಮತ್ತೆ ತೆರೆದವರು ಯಾರು?"

ಕಾಕು ಚಹಾದ ಟ್ರೇ ತಂದು ಮೇಜಿನ ತುದಿಗಿಟ್ಟರು. ಕೋವಿ ನಮ್ಮೆಲ್ಲರ ಕಣ್ಣೆದುರೇ ಮೇಜಿನ ಮೇಲಿತ್ತು. ಆಗ ಖಾಲಿ ಅಟ್ಟದಿಂದ ಸದ್ದು ಬಂತು. ಬೂಟುಗಾಲಿನ ನಿಧಾನವಾದ ಹೆಜ್ಜೆಗಳು ಕಂಬಳಿ ಇದ್ದ ಮೂಲೆಯವರೆಗೆ ಹೋಗಿ, ಹುಡುಕುವಂತೆ ಸ್ವಲ್ಪ ತಡೆದು, ಏಣಿಯ ಕಡೆಗೆ ತಿರುಗಿದವು.

ಶಸ್ತ್ರಸಜ್ಜಿತ ಪೊಲೀಸರು ಅಷ್ಟು ಚುರುಕಾಗಿ ಟೋಪಿ ಹಾಕಿಕೊಂಡದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಚಹಾ ಯಾರೂ ಕುಡಿಯಲಿಲ್ಲ. ಬಾಗಿಲಿನವರೆಗೆ ಓಡಿ ಹೋಗಿ, "ಇದರಿಂದ ನನ್ನ ಅರ್ಜಿಗೆ ತೊಂದರೆಯಾಗುತ್ತದೆಯೇ?" ಎಂದು ಕೇಳಿದೆ.

"ಗೊತ್ತಿಲ್ಲದಿರುವುದು ಅಪರಾಧವಲ್ಲ" ಎಂದರು ಅಧಿಕಾರಿ, ಕಣ್ಣು ಮಾತ್ರ ಏಣಿಯ ಮೇಲೇ ಇತ್ತು.

ಕೋವಿಯನ್ನು ಕಾಕು ನನ್ನಿಂದಲೇ ಅಟ್ಟಕ್ಕೆ ವಾಪಸ್ ಇಡಿಸಿದರು. ಮಾರುವ ಮಾತು ಮತ್ತೆ ಎತ್ತಲಿಲ್ಲ. ಬೋಲ್ಟು ತೆರೆದೇ ಇಟ್ಟೆ, ಯಾರ ಕಡೆಗೆಂದು ತಿಳಿಯದೆ ಒಂದು ನಮಸ್ಕಾರವನ್ನೂ ಹಾಕಿದೆ.

ಮೊನ್ನೆ ನನ್ನ ಅರ್ಜಿ ಮಂಜೂರಾಯಿತು. ಸನ್ನಡತೆಯವಳಂತೆ! ಕಾಕು ಪೇಢೆ ಹಂಚಿದರು. ನನಗೆ ಮಾತ್ರ ಸಂಕೋಚ. ಈ ಮನೆಯಲ್ಲಿ ನಿಯಮ ಪಾಲಿಸಿದ್ದು ಆ ಹಳೆಯ ಸಿಪಾಯಿ ಒಬ್ಬರೇ, ಅವರು ಬದುಕಿರಲಿಲ್ಲ. ಬದುಕಿದ್ದವಳು ಮಾಡಿದ್ದು, ಒಂದು ಅಲಂಕಾರದ ವಸ್ತು ಹಿಡಿದುಕೊಂಡು ತನ್ನ ಮೇಲೆ ತಾನೇ ಪೊಲೀಸರನ್ನು ಕರೆಸಿದ್ದು.