ಪುಸ್ತಕದಾಗ ಇಲ್ಲದ ಊಟ

ಊಟದ ವಿಷಯದಾಗ ಒಮ್ಮೆ ನಗೆಪಾಟಲಾದಾಂವ ಮತ್ತ ಮತ್ತ ಆಗತಾನ ಇರ್ತಾನ. ಹೊಟ್ಟಿ ದಿನಾ ಹಸಿತೈತಲ್ರಿ.

ನಾ ಇಚಲಕರಂಜಿಯಾಗ ಮಗ್ಗ ರಿಪೇರಿ ಮಾಡೋ ಜಾಬರ್. ನಮ್ಮ ಮಾಲಕರು ಪರದೇಶದಿಂದ ಹೊಸಾ ಮಗ್ಗ ತರಿಸಿದ್ರು. ಅವನ್ನ ಕೂಡಸಾಕ ಒಬ್ಬ ಸಾಹೇಬ ಬಂದ. ಉದ್ದಾನ ಆಳು, ನೀಲಿ ಕಣ್ಣು, ಮಾತು ಭಾಳ ಕಮ್ಮಿ. ಬಗಲಾಗ ಸದಾ ಒಂದು ಪುಸ್ತಕ. ಯಾವ ಊರಾಗ ಯಾವ ಹೊಟೇಲಿಗೆ ಹೋಗಬೇಕು, ಏನು ತಿನ್ನಬೇಕು, ಎಲ್ಲಾ ಅದರಾಗ ಬರದಿತ್ತು. ಮಗ್ಗದ ಗದ್ದಲದಾಗ ಕುಂತು ಅದನ್ನ ಓದಿ, ಕಣ್ಣು ಮುಚ್ಚಿ, ಉಂಡಾಂವನ ಗತೆ ಹೊಟ್ಟಿ ಸವರಕೋತಿದ್ದ. ಅವನ್ನ ನೋಡಿ ನನಗೂ ನಿದ್ದಿ ಜೋಂಪು ಹತ್ತತಿತ್ತು.

ನನಗ ಹರಕು ಮುರಕು ಇಂಗ್ಲೀಷ್ ಬರತೈತಂತ, ಅವನ್ನ ಊಟಕ್ಕ ಕರಕೊಂಡ ಹೋಗೂ ಕೆಲಸ ನನ್ನ ಕೊರಳಿಗೆ ಬಿತ್ತು.

೧. ಸೀರಿ ಅಂಗಡಿ

ಮೊದಲನೇ ಐತವಾರ ಕೊಲ್ಲಾಪುರಕ್ಕ ಹೋದ್ವಿ. ಪುಸ್ತಕದಾಗ ಒಂದು ಹಳೇ ಹೊಟೇಲಿನ ವರ್ಣನಾ ಇತ್ತು. ಕಟಗಿ ಖುರ್ಚಿ, ಹಿಂದ ಬೇವಿನ ಗಿಡ, ತಣ್ಣನ ಗಾಳಿ. ಗಲ್ಲಿ ಗಲ್ಲಿ ತಿರುಗಿ ಹುಡಕಿದ್ರ ಅಲ್ಲೆ ಸೀರಿ ಅಂಗಡಿ! ಬೇವಿನ ಗಿಡ ಮಾತ್ರ ಇತ್ತು.

"ಹೊಟೇಲ್ ಮುಚ್ಚಿ ಭಾಳ ವರ್ಷ ಆತ್ರಿ," ಅಂದ್ರು ಅಂಗಡಿಯವರು. ಸಾಹೇಬ ಕೇಳಬೇಕಲ್ಲ! ಪುಸ್ತಕದಾಗ ಐತಿ ಅಂದ್ರ ಐತಿ. ಬೂಟು ಬಿಚ್ಚಿ ಗಾದಿ ಮ್ಯಾಲ ಕುಂತ. ಅವರು ಪಾಪ, ಗಿರಾಕಿ ಅಂದ್ಕೊಂಡು ಚಹಾ ತರಿಸಿದ್ರು, ಒಂದರ ಮ್ಯಾಲ ಒಂದು ಸೀರಿ ಬಿಚ್ಚಿದ್ರು. ಹಸರು, ಕೆಂಪು, ಜರಿ ಅಂಚು. ಅಂವ ಚಹಾ ಗುಟಕರಸ್ಕೋತ ಕನಸ ಕಂಡಾಂವನಂಗ ನೋಡಿದ್ದ ನೋಡಿದ್ದು.

ಹೊರಗ ಬಂದು ಪುಸ್ತಕದ ಅಂಚಿನ್ಯಾಗ ಏನೋ ಬರದ. ಏನ್ರಿ ಅಂತ ಕೇಳಿದ್ನಿ. ಓದಿ ಹೇಳಿದ: "ಚಹಾ ಉತ್ತಮ. ಊಟ ಬರೂದು ಭಾಳ ತಡಾ."

೨. ಕೆಂಪು ರಸ್ಸಾ

ಮುಂದಿನ ವಾರ ಮೊಳಕಿಕಾಳಿನ ಮಿಸಳ್ ಅಂಗಡಿ. ಇದು ಪುಸ್ತಕದಾಗೂ ಇತ್ತು, ಊರಾಗೂ ಇತ್ತು, ನಮ್ಮ ಪುಣ್ಯಾ. ಆದ್ರ ಆ ಪುಸ್ತಕದಾಗ ಇನ್ನೊಂದು ಮಾತಿತ್ತು. ಈ ದೇಶದಾಗ ಬಡಿಸಿದ್ದು ಬಿಟ್ರ ಅವಮಾನ ಮಾಡಿದಂಗ, ತಾಟು ಖಾಲಿ ಮಾಡ್ರಿ ಅಂತ.

ಕೊಲ್ಲಾಪುರದ ರೀತಿ ನಿಮಗ ಗೊತ್ತಲ್ಲ. ಮಿಸಳಿನ ಕೆಂಪು ರಸ್ಸಾ, ಬೆಂಕಿಯಂಥಾ ಖಾರದ ಸಾರು, ತಳಾ ಕಂಡ್ರ ಸಾಕು, ಕೇಳದನ ಮತ್ತ ಹಾಕ್ತಾರ. ಇಂವ ಖಾಲಿ ಮಾಡಾಂವ, ಬಡಸಾಂವ ತುಂಬಸಾಂವ. ಸಾಹೇಬನ ಮಾರಿ ಮೊದಲ ಗುಲಾಬಿ ಆತು, ಆಮ್ಯಾಲ ಟೊಮೆಟೊ. ಕಣ್ಣಾಗ ನೀರು ದಳದಳ ಇಳದ್ವು. ನಾ ಕೈ ಅಡ್ಡ ಹಿಡದ್ರ, ಮರ್ಯಾದಿ ಹೋಗತೈತಿ ಅಂತ ನನ್ನ ಕೈ ದೂಡಿದ.

"ಪಾಹುಣೆ ಕಾ ರಡತಾಯತ?" ಪಾವಣೇರು ಯಾಕ ಅಳಾಕತ್ತಾರಂತ ಬಡಸಾಂವ ಮರಾಠಿಯೊಳಗ ಕೇಳಿದ.

ಏನ ಹೇಳಲಿ? "ಊರು ನೆನಪಾಗೈತಿ," ಅಂದ್ನಿ.

ಬಡಸಾಂವ ಲೊಚಗುಟ್ಟಿದ. "ಅರೆರೆ, ಅವರವ್ವ ಎಷ್ಟ ದೂರ ಅದಾಳೋ," ಅಂತ ಇನ್ನೊಂದು ಸೌಟು ಹಾಕಿದ.

೩. ಯಾವ ಪುಟ?

ಕಷ್ಟ ಏನಂದ್ರ, ಆ ಪುಸ್ತಕದಾಗ ಇಚಲಕರಂಜಿ ಹೆಸರ ಇಲ್ಲ. ಹಿಂಗಾಗಿ ವಾರಪೂರ್ತಿ ಸಾಹೇಬ ಬರೇ ಬಾಳಿಹಣ್ಣು, ಬಿಸ್ಕೀಟು.

ಈ ಸುದ್ದಿ ಕೇಳಿ ನನ್ನ ಹೆಂಡತಿಗೆ ತಳಮಳ. ಆಕಿಗೆ ಮೊದಲಿಂದ ಒಂದು ಕನಸಿತ್ರಿ. ಮನಿ ಮುಂದಿನ ಖೋಲಿಯಾಗ ಖಾನಾವಳಿ ಹಾಕಬೇಕಂತ. ಮಧ್ಯಾಹ್ನ ಓಣಿ ತುಂಬ ಮಗ್ಗದ ಸಪ್ಪಳ ಇರತಿದ್ರ, ಹೊಸ್ತಲದ ಮ್ಯಾಲ ಕುಂತು ಖಾಲಿ ಗೋಡಿ ನೋಡಕೋತ, "ಇಲ್ಲೆ ಬೆಂಚು, ಅಲ್ಲೆ ನೀರಿನ ಹಂಡೆ, ಆ ಮೂಲ್ಯಾಗ ಕೈ ತೊಳಿಯಾಕ," ಅಂತ ತನ್ನಷ್ಟಕ್ಕ ತಾನ ಅನ್ನಾಕಿ. "ನಿನ್ನ ರೊಟ್ಟಿ ತಿನ್ನಾಕ ಯಾರ ಬರ್ತಾರ ಬಿಡ," ಅಂತ ನಾ ನಗತಿದ್ನಿ. ಈ ಸಲ ಆಕಿ ನಗಲಿಲ್ಲ.

"ಆ ಸಾಹೇಬ್ರು ನನ್ನ ಕೈಯೂಟ ಉಂಡು ಛಲೋ ಅಂದ್ರ ಖಾನಾವಳಿ ಹಾಕೂದು. ಇಲ್ಲಾಂದ್ರ ಆ ಮಾತು ಮತ್ತ ಎತ್ತೂದಿಲ್ರಿ," ಅಂದ್ಲು. ನಾ ಹೂಂ ಅಂದ್ನಿ. ಅಂವ ಎಲ್ಲಿ ಬರ್ತಾನ ಅಂತ ನನಗ ಧೈರ್ಯ.

ಮರುದಿನ ಕರದ್ನಿ. ಸಾಹೇಬ ಪುಸ್ತಕ ತಗದು, "ಯಾವ ಪುಟ?" ಅಂದ.

"ಪುಟ ಇಲ್ರಿ, ಮನಿ."

ಭಾಳ ಮರಗಿ, ತಲಿ ಅಲ್ಲಾಡಿಸಿ, ಬಾಳಿಹಣ್ಣು ಸುಲದ.

ಮನಿಗೆ ಬಂದು ಹೇಳಿದ್ರ ಹೆಂಡತಿ ಸಿಡಿಮಿಡಿ ಅಂದ್ಲು: "ಪುಸ್ತಕದಾಗ ಇಲ್ಲಂದ್ರ ಈ ಊರ ಮಂದಿ ಎಲ್ಲಾ ಉಪಾಸ ಸತ್ತಾರೇನ?"

೪. ಬೋರ್ಡ್ ಇಲ್ಲದ ಹೊಟೇಲ್

ಸಾಹೇಬ ತನ್ನೂರಿಗೆ ಹೋಗೂ ವಾರ ಬಂತು. ಕಡೀ ಐತವಾರ ಗಡಹಿಂಗ್ಲಜಕ್ಕ ಹೋಗೂಣು ಅಂದ. ಬಸ್ ಸ್ಟ್ಯಾಂಡ್ ಹತ್ರ ಒಬ್ಬಾಕಿ ಅಜ್ಜಿ ಮನಿಯೂಟ ಹಾಕ್ತಾಳಂತ ಪುಸ್ತಕದಾಗ ಓದಿದ್ದ. ಮುಂಜಾನೆ ಮಂಜಿನಾಗ ಹೊಂಟ್ವಿ. ಎರಡೂ ಕಡೆ ಕಬ್ಬು, ಎಲ್ಲಿಂದಲೋ ಬೆಲ್ಲ ಕುದಿಯೂ ವಾಸನಿ. ಸಾಹೇಬ ಕಿಡಕಿಗೆ ಹಣಿ ಹಚ್ಚಿ ಮುಗುಳ್ನಗಕೋತ ಕುಂತಿದ್ದ. ಹಿಂಗ ಹೋಗತಾನ ಇರಬೇಕು, ಊರು ಬರಬಾರದು ಅನ್ನಿಸಿತು ನನಗ.

ಊರು ಬಂತು. ಅಜ್ಜಿ ಮನಿಗೆ ಕೀಲಿ. ಮೊಮ್ಮಗಳ ಲಗ್ನಕ್ಕ ಹೋಗ್ಯಾಳಂತ.

ತಿರಗಿ ಬರೂದ್ರಾಗ ಸಾಹೇಬನ ಮಾರಿ ಬಾಡಿಹೋಗಿತ್ತು. ನನಗ ಕೆಟ್ಟ ಅನ್ನಿಸಿತು. ಬಾಯಿಗೆ ಬಂದಂಗ ಒಂದು ಸುಳ್ಳು ಹೇಳಿದ್ನಿ. "ಇಚಲಕರಂಜಿಯಾಗ ಒಂದು ಹೊಟೇಲ್ ಐತ್ರಿ. ಹೊಸಾದು, ಬೋರ್ಡೂ ಹಾಕಿಲ್ಲ. ಪುಸ್ತಕದಾಗ ಇನ್ನ ಬರಬೇಕು."

ಹಸಿವಿ ಏನ ಬೇಕಾದ್ದು ನಂಬಸತೈತಿ. ಬಂದ, ನಮ್ಮ ಮುಂದಿನ ಖೋಲಿಯಾಗ ಚಾಪಿ ಮ್ಯಾಲ ಕುಂತ.

ಹೆಂಡತಿ ಅಡಗಿಮನಿ ಹೊಕ್ಕಳು. ರೊಟ್ಟಿ ಬಡಿಯೂ ಸಪ್ಪಳ ಅಷ್ಟ. ಬಿಸಿ ರೊಟ್ಟಿ, ಎಣಗಾಯಿ, ಝುಣಕಾ, ಶೇಂಗಾ ಹಿಂಡಿ, ಗಟ್ಟಿ ಮಸರು. ಸಾಹೇಬ ತಲಿ ಎತ್ತಲಿಲ್ಲ. ಆಕಿ ಅಡಗಿಮನಿ ಬಾಗಲ ಮರಿಗೆ ನಿಂತು ಸೆರಗು ಹಿಂಡಾಕತ್ತಿದ್ಲು. ಛಲೋ ಅಂತಾನ? ಅನ್ನೂದಿಲ್ಲ? ಅನ್ನಲಿ ಅಂತ, ನನಗ ತಿಳೀದಂಗ, ನಾನೂ ದೇವರಿಗೆ ಬೇಡಾಕತ್ತಿದ್ನಿ.

ಕೈ ತೊಳದ. ಪುಸ್ತಕ ಇಷ್ಟಗಲ ತಗದ, ಪುಟ ತಿರುವಿದ, ಮುಚ್ಚಿದ. ಆಮ್ಯಾಲ ಕಿಸೆದಾಗಿಂದ ಪಾಕೀಟು ತಗದು ಕೇಳಿದ: "ಈ ಪುಸ್ತಕದಾಗ ಇಷ್ಟು ಛಲೋ ಊಟ ಒಂದೂ ಇಲ್ಲ. ಬಿಲ್ ಎಷ್ಟು? ನಾಳೆ ಹೊಟೇಲ್ ಎಷ್ಟ ಗಂಟೆಗೆ ತಗೀತೀರಿ?"

ಇದನ್ನ ಹೆಂಡತಿಗೆ ಕನ್ನಡದಾಗ ತಿಳಿಸಿ ಹೇಳಿ, ನಾ ನಾಚಿಕಿಂದ ಸತ್ನಿ. ಮನಿಗೆ ಬಂದ ಅತಿಥಿ ಕಡೆ ರೊಕ್ಕಾ? ನಮ್ಮಪ್ಪ ಇದ್ದಿದ್ರ ಮೆಟ್ಟು ತಗೋತಿದ್ದ. "ಏ, ಬ್ಯಾಡ್ರಿ ಸಾಹೇಬ, ಇದು ಹೊಟೇಲ್ ಅಲ್ಲ, ನಮ್ಮ ಮನಿ, ನೀವು ನಮ್ಮ ಪಾವಣೇರು..." ಅನ್ನೂದ್ರಾಗ ಹೆಂಡತಿ ಹೊರಗ ಬಂದು ಮುಂದ ಕೈ ಚಾಚಿದ್ಲು.

"ಸುಮ್ನಿರ್ರಿ ನೀವು," ಅಂದ್ಲು ನನಗ. "ನಿಮಗ ಪಾವಣೇರು. ನನಗ ಬೋಣಿ!"