ಕ್ರಿಲ್‌ಗಳ ಮೇಲಿನ ಮೂವತ್ತೊಂಬತ್ತು ನಿಮಿಷಗಳ ಆರೋಪ

ಇಂದ,
ಕೆ. ರತ್ನಾವತಿ, ಬಿ.ಎ. (ಸಂಜೆ ಕಾಲೇಜು)
ಪ್ರಯೋಗಾಲಯ ಸಹಾಯಕಿ, ಟ್ಯಾಂಕ್ ಕೋಣೆ
ವಾಸ: ಕಾರ್ಕಳ

ಗೆ,
ಡಾ. ಮನೋರಮಾ ಅವರು
ನಿರ್ದೇಶಕರು, ಕಡಲಜೀವಿ ಅಧ್ಯಯನ ಕೇಂದ್ರ
ಮೊದಲ ಮಹಡಿ, ಮಣಿಪಾಲ

ದಿನಾಂಕ: 14-02-2025, ಶುಕ್ರವಾರ
ಸಮಯ: ಬೆಳಿಗ್ಗೆ 9-20 (ನನ್ನ ಮೊಬೈಲ್ ಪ್ರಕಾರ)

ವಿಷಯ: ಕ್ರಿಲ್‌ಗಳು 39 ನಿಮಿಷ ತಡ ಮಾಡುತ್ತವೆ ಎಂಬ ಆರೋಪವನ್ನು ಹಿಂಪಡೆಯುವ ಬಗ್ಗೆ, ಹಾಗೂ ಪ್ರಬಂಧದಲ್ಲಿರುವ ನನ್ನ ಹೆಸರಿನ ಬಗ್ಗೆ ತಮಗೆ ಸರಿ ಕಂಡಂತೆ ಮಾಡುವ ಬಗ್ಗೆ.

ಉಲ್ಲೇಖ:
1) ಇಂದು ಸಂಜೆ 4 ಗಂಟೆಗೆ ವಿದೇಶದ ಪತ್ರಿಕೆಗೆ ಹೋಗಲಿರುವ ತಮ್ಮ ಪ್ರಬಂಧ
2) ಟ್ಯಾಂಕ್ ಕೋಣೆಯ ಗೋಡೆ ಗಡಿಯಾರ
3) ನಿನ್ನೆ ಸಂಜೆ ಬಸ್ ಕಂಡಕ್ಟರ್ ಒಬ್ಬರು ಆಡಿದ ಮಾತು

ಮಾನ್ಯ ಮೇಡಂರವರೇ,

ಮೇಲ್ಕಂಡ ವಿಷಯವನ್ನು ತಮಗೆ ಬಾಯಿಮಾತಿನಲ್ಲಿ ತಿಳಿಸಲು ನಿನ್ನೆ ಸಂಜೆಯಿಂದ ಎರಡು ಬಾರಿ ಮೆಟ್ಟಿಲು ಹತ್ತಿ ಎರಡು ಬಾರಿಯೂ ಇಳಿದಿರುತ್ತೇನೆ. ಆದ್ದರಿಂದ ಬರೆಯುತ್ತಿದ್ದೇನೆ.

1. ನಾನು ಓದಿದ್ದು ಇತಿಹಾಸ. ಜೀನ್ ಎಂದರೇನು ಎಂದು ನನಗೆ ತಿಳಿದಿರಲಿಲ್ಲ. ತಾವು ಒಂದು ದಿನ ಕೈ ತೊಳೆಯುತ್ತಾ ಹೇಳಿಕೊಟ್ಟಿರಿ. ಪ್ರತಿ ಜೀವಿಯೊಳಗೂ ಒಂದು ದೊಡ್ಡ ಪುಸ್ತಕ ಉಂಟು, ಪುಸ್ತಕ ಯಾವಾಗಲೂ ಒಂದೇ, ಆದರೆ ಯಾವ ಹೊತ್ತಿನಲ್ಲಿ ಯಾವ ಪುಟದ ಎಷ್ಟು ಝೆರಾಕ್ಸ್ ಆಗುತ್ತಿದೆ ಎಂದು ಎಣಿಸಿದರೆ ಆ ಜೀವಿ ಒಳಗಿಂದೊಳಗೆ ಏನು ಕೆಲಸಕ್ಕೆ ಹೊರಟಿದೆ ಎಂದು ಗೊತ್ತಾಗುತ್ತದೆ ಎಂದಿರಿ. ಅಂದಿನಿಂದ ನಾನು ಕ್ರಿಲ್‌ಗಳನ್ನು ಬಹಳ ಗೌರವದಿಂದ ನೋಡುತ್ತಿದ್ದೇನೆ. ಸಿಗಡಿಯ ಸಂಬಂಧಿಕರಂತೆ ಕಂಡರೂ ನನ್ನ ಕಿರುಬೆರಳಿನ ಅರ್ಧ ಉದ್ದವಿಲ್ಲದ, ಗಾಜಿನಂತೆ ಆರಪಾರ ಕಾಣುವ ಮೈಯ ಈ ಜೀವಿಯೊಳಗೆ ಝೆರಾಕ್ಸ್ ಅಂಗಡಿ ನಡೆಯುತ್ತಿದೆ ಎಂಬುದು ಸಣ್ಣ ಸಂಗತಿಯಲ್ಲ.

2. ಈ ಕ್ರಿಲ್‌ಗಳು ಹಗಲೆಲ್ಲ ಆಳದಲ್ಲಿದ್ದು ಕತ್ತಲಾಗುವಾಗ ತಿನ್ನಲು ಮೇಲೆ ಬರುತ್ತವೆ. ಹಾಗೆ ಬರಲು ಅವು ಒಳಗಿನಿಂದ ಎಷ್ಟು ಹೊತ್ತಿಗೆ ತಯಾರಾಗುತ್ತವೆ ಎಂಬುದೇ ತಮ್ಮ ಸಂಶೋಧನೆ. ಕಾಪುವಿನ ಸುಂದರಣ್ಣ ತಮ್ಮ ದೋಣಿಯಲ್ಲಿ ಹಿಡಿದು ತಂದುಕೊಟ್ಟ ಕ್ರಿಲ್‌ಗಳನ್ನು ನವೆಂಬರ್ ತಿಂಗಳಿನಲ್ಲಿ ಟ್ಯಾಂಕಿಗೆ ಬಿಟ್ಟು, ಕಂಪ್ಯೂಟರ್ ಸಂಜೆ 5-30ಕ್ಕೆ ಸರಿಯಾಗಿ ದೀಪ ಮಂದ ಮಾಡಲು ಆರಂಭಿಸುವಂತೆ ಏರ್ಪಾಡು ಮಾಡಲಾಗಿತ್ತು. ಹತ್ತು ನಿಮಿಷಕ್ಕೊಮ್ಮೆ ಕೆಲವು ಕ್ರಿಲ್‌ಗಳನ್ನು ಎತ್ತಿ, ಟ್ಯೂಬಿಗೆ ಹಾಕಿ, ಟ್ಯೂಬಿನ ಮೇಲೆ ಗಂಟೆ ನಿಮಿಷ ಬರೆದು, ಝೆರಾಕ್ಸ್ ಅಲ್ಲಿಗೇ ನಿಲ್ಲುವಂತೆ ತಣ್ಣನೆಯ ಹೊಗೆ ಬರುವ ಡಬ್ಬಿಯಲ್ಲಿ ಮುಳುಗಿಸುವುದು ನನ್ನ ಕೆಲಸ. ಗಂಟೆ ನಿಮಿಷವನ್ನು ಗೋಡೆ ಗಡಿಯಾರ ನೋಡಿ ಬರೆದಿರುತ್ತೇನೆ. ದೀಪ ಬಹಳ ನಿಧಾನವಾಗಿ ಮಂದವಾಗುವುದರಿಂದ ಅದು ಶುರುವಾಗುವ ಗಳಿಗೆ ಕಣ್ಣಿಗೆ ಗೊತ್ತಾಗುವುದಿಲ್ಲ. ಮೊಬೈಲಿನ ಬೆಳಕು ಬಿದ್ದರೆ ಕ್ರಿಲ್‌ಗಳ ಸಂಜೆ ಕೆಡುತ್ತದೆ, ಆದ್ದರಿಂದ ಒಳಗೆ ಮೊಬೈಲ್ ತರಬಾರದು ಎಂದು ತಾವೇ ಬೋರ್ಡು ಹಾಕಿಸಿರುತ್ತೀರಿ. ಬೋರ್ಡಿನ ಮೇಲೆ ನನ್ನ ದೂರಿಲ್ಲ.

3. ಕಳೆದ ಬುಧವಾರದ ಮೀಟಿಂಗಿನಲ್ಲಿ ಸಂಶೋಧಕರಾದ ಶ್ರೀ ಅನಂತೇಶ ಅವರು ಪರದೆಯ ಮೇಲೆ ಗೆರೆ ತೋರಿಸಿ, ತಯಾರಿಯ ಝೆರಾಕ್ಸ್ ಏರಲು ಆರಂಭಿಸುವುದು 6-09ಕ್ಕೆ, ಅಂದರೆ ದೀಪ ಮಂದವಾಗತೊಡಗಿ 39 ನಿಮಿಷ ಕಳೆದ ಮೇಲೆ ಎಂದರು. "ನಮ್ಮ ಕಡಲಿನ ಕ್ರಿಲ್ ಸ್ವಲ್ಪ ಆರಾಮದ ಜನ, ಮೇಡಂ" ಎಂದೂ ಸೇರಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಈ ಮೂಲಕ ಹಿಂಪಡೆಯುತ್ತೇನೆ.

4. ಅದೇ ಮೀಟಿಂಗಿನಲ್ಲಿ ತಾವು ಪ್ರಬಂಧ ಬರೆದವರ ಪಟ್ಟಿಯಲ್ಲಿ ಐದನೆಯದಾಗಿ ನನ್ನ ಹೆಸರನ್ನು ಸೇರಿಸಿದಿರಿ. ನಾನು ಬೇಡವೆಂದಾಗ, "ನಾಲ್ಕು ನೂರು ಟ್ಯೂಬಿನಲ್ಲಿ ಒಂದರ ಮೇಲೂ ಅಕ್ಷರ ಅಳಿಸಿಲ್ಲ ರತ್ನಾವತಿ, ನೀವು ಸುಮ್ಮನಿರಿ" ಎಂದಿರಿ. ನಾನು ಸುಮ್ಮನಿದ್ದೆ, ಆದರೆ ನನ್ನ ಅಕ್ಕ ಸುಗಂಧಿ ಸುಮ್ಮನಿರಲಿಲ್ಲ. ಆಕೆ ಕುಟುಂಬದ ವಾಟ್ಸ್ಆಪ್ ಗುಂಪಿನಲ್ಲಿ 'ನಮ್ಮ ರತ್ನಾ ಸೈಂಟಿಸ್ಟ್ ಆದಳು' ಎಂದು ಹಾಕಿದ್ದು, ಎಪ್ಪತ್ತೆರಡು ಮಂದಿ ಅಭಿನಂದಿಸಿದ್ದಾರೆ. ಒಬ್ಬರು ಕ್ರಿಲ್ ಕಿಲೋಗೆ ಎಷ್ಟು ಎಂದು ವಿಚಾರಿಸಿದ್ದಾರೆ.

5. ಗುರುವಾರ, ಅಂದರೆ ನಿನ್ನೆ, ಸುಂದರಣ್ಣ ಖಾಲಿ ಡ್ರಮ್ ಒಯ್ಯಲು ಬಂದಿದ್ದರು. ಕ್ರಿಲ್‌ಗಳು ತಡವಾಗಿ ತಯಾರಾಗುತ್ತವಂತೆ ಎಂದು ನಾನು ಹೆಮ್ಮೆಯಿಂದ ತಿಳಿಸಿದೆ. ಅವರು ಡ್ರಮ್ ಕೆಳಗಿಟ್ಟರು.

"ಯಾರು ಹೇಳಿದ್ದು ನಿಮಗೆ? ನಾವು ಸಂಜೆ ಬಲೆ ಬಿಡುವ ಮೊದಲೇ ಅವು ಮೇಲೆ ಹೊರಟು ಆಗಿರ್ತದೆ. ಅವುಗಳ ಹಿಂದೆ ಬಂಗುಡೆ ಮೀನು, ಬಂಗುಡೆ ಹಿಂದೆ ನಾವು. ಲೇಟ್ ಆಗುದು ಯಾವಾಗಲೂ ನಾವೇ ಮಾರ್ರೆ."

ಅಂದು ಸಂಜೆ ನಾನು ಎಂದಿನಂತೆ ಗೋಡೆ ಗಡಿಯಾರದಲ್ಲಿ ಐದೂವರೆ ನೋಡಿ, ಟೈಗರ್ ಸರ್ಕಲ್‌ನ ಬಸ್ ನಿಲ್ದಾಣಕ್ಕೆ ನಡೆದು, ಕಾರ್ಕಳದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಉಡುಪಿ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಎಂತ ಅಕ್ಕ, ದಿನಾ ಐದು ಗಂಟೆ ಆಗುವ ಮೊದಲೇ ಬಂದು ನಿಲ್ತೀರಿ. ಆಫೀಸಲ್ಲಿ ಕೆಲಸ ಉಂಟಾ ಇಲ್ವಾ?" ಎಂದು ಕೇಳಿ ಹೋದರು. ನಾನು ಮೊಬೈಲ್ ತೆಗೆದು ನೋಡಲಾಗಿ 4-53 ಆಗಿತ್ತು.

6. ಕೂಡಲೇ ಹಿಂದಿರುಗಿ ಗಡಿಯಾರವನ್ನು ಗೋಡೆಯಿಂದ ಇಳಿಸಿ ಹೊರಗೆ ತಂದು ಮೊಬೈಲಿನ ಪಕ್ಕದಲ್ಲಿಟ್ಟು ನೋಡಿದೆ. 47 ನಿಮಿಷ ಮುಂದಿತ್ತು. ಇದರಲ್ಲಿ 15 ನಿಮಿಷ ನನ್ನದು. 2022ರಲ್ಲಿ ಕಾರ್ಕಳದ ಬಸ್ಸಿನಲ್ಲಿ ಸೀಟು ಸಿಗಲೆಂದು ನಾನೇ ಇಟ್ಟಿರುತ್ತೇನೆ. ಟ್ಯೂಬಿನ ಮೇಲೆ ಬರೆಯುವಾಗ ಅದನ್ನು ಯಾಕೆ ಕಳೆಯಲಿಲ್ಲ ಎಂದು ತಾವು ಕೇಳಬಹುದು. ಮುಂದಿಟ್ಟ ಗಡಿಯಾರದಿಂದ ಪ್ರಯೋಜನವಾಗಬೇಕಾದರೆ ಮುಂದಿಟ್ಟದ್ದನ್ನು ಮರೆಯಬೇಕು. ನಾನು ಅದನ್ನು ಶ್ರದ್ಧೆಯಿಂದ ಮರೆತೆ. ಬೆಳಿಗ್ಗೆ ಯಾಕೆ ಗೊತ್ತಾಗಲಿಲ್ಲ ಎಂದರೆ, ಬೆಳಿಗ್ಗೆ ನಮ್ಮಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ, ಬಂದಾಗಿರುತ್ತದೆ.

7. ಉಳಿದ 32 ನಿಮಿಷಗಳ ಬಗ್ಗೆ ವಿಚಾರಿಸಲು ಸಹೋದ್ಯೋಗಿ ಡೈನಾ (ಕಾಪು) ಹಾಗೂ ಟ್ಯಾಂಕ್ ತೊಳೆಯುವ ವಿಠಲಣ್ಣ (ಕೆಮ್ಮಣ್ಣು) ಇವರಿಗೆ ಫೋನು ಮಾಡಿ, ಬಸ್ ನಿಲ್ದಾಣದಲ್ಲಿದ್ದ ಇಬ್ಬರನ್ನೂ ಎದುರಿನ ಚಾ ಅಂಗಡಿಗೆ ಕರೆಸಿದೆ. ನಡೆದ ಮಾತುಕತೆಯನ್ನು ಯಥಾವತ್ತಾಗಿ ಸಲ್ಲಿಸುತ್ತಿದ್ದೇನೆ.

ಡೈನಾ: "ರತ್ನಕ್ಕ, ಬಯ್ಯುದಿಲ್ಲ ಅಂತಾದ್ರೆ ಹೇಳ್ತೇನೆ. ನಾನು ಹನ್ನೆರಡು ನಿಮಿಷ ಇಟ್ಟಿದ್ದೇನೆ. ಎರಡು ವರ್ಷ ಆಗ್ತಾ ಬಂತು."

ನಾನು: "ಹನ್ನೆರಡು ಯಾಕೆ?"

ಡೈನಾ: "ಹತ್ತು ಇಟ್ರೆ ಯಾರೋ ಇಟ್ಟದ್ದು ಅಂತ ಗೊತ್ತಾಗ್ತದೆ ಅಲ್ವಾ. ಹನ್ನೆರಡು ಆದ್ರೆ ಗಡಿಯಾರದ್ದೇ ತಪ್ಪು ಅಂತ ಆಗ್ತದೆ."

ವಿಠಲಣ್ಣ ಗೋಳಿಬಜೆ ತಿನ್ನುತ್ತಿದ್ದರು. ನಾವಿಬ್ಬರೂ ಅವರ ಕಡೆ ನೋಡಿದೆವು.

ವಿಠಲಣ್ಣ: "ನನ್ನನ್ನು ಎಂತ ನೋಡುದು? ಒರೆಸುವಾಗ ಮುಳ್ಳು ಸ್ವಲ್ಪ ಸರಿದಿರಬಹುದು."

ನಾನು: "ಎಷ್ಟು ಸಲ ಒರೆಸಿದ್ದೀರಿ?"

ವಿಠಲಣ್ಣ: "ಕಳೆದ ಜೂನಲ್ಲಿ ಮೂರು ಸಲ. ಐದು, ಮತ್ತೆ ಐದು, ಮತ್ತೆ ಹತ್ತು. ಮಳೆಗಾಲ ಅಲ್ವಾ, ಧೂಳು ಜಾಸ್ತಿ."

ಮಳೆಗಾಲದಲ್ಲಿ ಧೂಳು ಹೇಗೆ ಎಂದು ಡೈನಾ ಕೇಳಿದಾಗ ಅವರು ಇನ್ನೊಂದು ಗೋಳಿಬಜೆ ತೆಗೆದುಕೊಂಡರು. ಒಟ್ಟು 15, 12, 20, ಸೇರಿ 47. ಎಲ್ಲವೂ ಪ್ರಯೋಗ ಶುರುವಾಗುವ ಮೊದಲೇ ಆಗಿದ್ದವು.

8. ಆದ ಕಾರಣ, ನನ್ನ ಕೈಬರಹದಲ್ಲಿ 6-09 ಎಂದಿರುವುದು ನಿಜಕ್ಕೂ 5-22. ದೀಪ ಮಂದವಾಗತೊಡಗುವುದು 5-30ಕ್ಕೆ. ಇದನ್ನು ನಾನು ಚಾ ಅಂಗಡಿಯ ಪೇಪರಿನ ಮೇಲೆ ಏಳು ಬಾರಿ ಕಳೆದು ನೋಡಿದೆ. ನನಗೆ ಕಳೆಯಲು ಬರುವುದಿಲ್ಲವೇನೋ ಎಂಬ ಸಂಶಯದಿಂದ ಡೈನಾಳಿಂದಲೂ ಕಳೆಯಿಸಿದೆ. ಅಂಗಡಿಯವರೂ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರು. ಕ್ರಿಲ್‌ಗಳು 39 ನಿಮಿಷ ತಡವಲ್ಲ. ಎಂಟು ನಿಮಿಷ ಮುಂಚೆ.

ಮೇಡಂ, ದೀಪದಲ್ಲಿ ಇನ್ನೂ ಏನೂ ಬದಲಾಗಿರಲಿಲ್ಲ. ಟ್ಯಾಂಕಿಗೆ ಕಿಟಕಿಯಿಲ್ಲ. ಯಾರೂ ಅವಕ್ಕೆ ಹೇಳಿಲ್ಲ. ಆದರೂ ಕತ್ತಲಾಗುವುದಕ್ಕಿದೆ ಎಂದು ಅವಕ್ಕೆ ಗೊತ್ತಿತ್ತು. ಪ್ರಾಯಕ್ಕೆ ಬಂದ ಮೂರು ಜನ ಮನುಷ್ಯರು ಬಸ್ಸು ಹಿಡಿಯಲು ಕುರ್ಚಿ ಹತ್ತಿ ಗಡಿಯಾರದ ಮುಳ್ಳು ತಿರುಗಿಸಬೇಕಾಯಿತು, ಕ್ರಿಲ್ ಅದನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಓಡಾಡುತ್ತಿದೆ. ಇದು ಗೊತ್ತಾದಾಗ ನಾನು ಚಾ ಅಂಗಡಿಯಲ್ಲಿ ಎದ್ದು ನಿಂತೆ ಎಂದೂ, ನನ್ನ ಚಾ ವಿಠಲಣ್ಣನ ಅಂಗಿಯ ಮೇಲೆ ಬಿತ್ತೆಂದೂ ಡೈನಾ ಹೇಳುತ್ತಾಳೆ. ನನಗೆ ನೆನಪಿಲ್ಲ. ಕಾರ್ಕಳದವರೆಗೆ ಬಸ್ಸಿನಲ್ಲಿ ನಿಂತೇ ಹೋದೆ. ಸೀಟು ಖಾಲಿ ಇತ್ತು.

9. ಆದರೆ ಇದೂ ತಪ್ಪಿರಬಹುದು. ವಿಠಲಣ್ಣ ಕೊನೆಯ ಆ ಹತ್ತು ನಿಮಿಷವನ್ನು ನಿಜವಾಗಿ ನವೆಂಬರ್ ಕಳೆದ ಮೇಲೆ ಒರೆಸಿದ್ದರೆ ಎಂಟು ನಿಮಿಷ ಕರಗಿಹೋಗುತ್ತದೆ. ಅವರು ಇಲ್ಲವೆಂದು ಹೇಳುತ್ತಾರೆ, ಆದರೆ ಮೊದಲಿಗೆ ಮುಳ್ಳು ತಾನಾಗಿ ಸರಿದದ್ದೆಂದೂ ಹೇಳಿದ್ದರು. ಆದ್ದರಿಂದ ಪ್ರಯೋಗ ಮತ್ತೊಮ್ಮೆ ಆಗದೆ ಬೇರೆ ದಾರಿಯಿಲ್ಲ. ನಾವು ಮೂವರೂ ಸಂಜೆ ಬೇಗ ಹೊರಟುಹೋದ ಹೊತ್ತನ್ನೆಲ್ಲ ಅದರಲ್ಲಿ ತುಂಬಿಕೊಡಲು ತಯಾರಿದ್ದೇವೆ.

ಆದ ಪ್ರಯುಕ್ತ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ:

ಅ) ಪ್ರಬಂಧ ಇಂದು 4 ಗಂಟೆಗೆ ಹೋಗದಂತೆ ತಡೆಯುವುದು. ಶ್ರೀ ಅನಂತೇಶ ಅವರಿಗೆ ತಾವೇ ತಿಳಿಸಬೇಕು. ಅವರು ನನ್ನನ್ನು ಅಕ್ಕ ಎಂದು ಕರೆಯುತ್ತಾರೆ, ಆದ್ದರಿಂದ ನನಗೆ ಹೇಳಲು ಕಷ್ಟ.

ಆ) 'ಆರಾಮದ ಜನ' ಎಂಬ ಮಾತನ್ನು ಮೀಟಿಂಗಿನ ಟಿಪ್ಪಣಿಯಿಂದ ತೆಗೆಯುವುದು.

ಇ) ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯುವುದು ನ್ಯಾಯವೇ ಆಗಿರುತ್ತದೆ. ತೆಗೆದರೂ ಇಟ್ಟರೂ, ಹೊಸ ಪ್ರಯೋಗದ ಮೊದಲ ಸಂಜೆ ಟ್ಯೂಬು ಹಿಡಿಯಲು ನನಗೇ ಅವಕಾಶ ಕೊಡುವುದು. ಹೆಸರು ಇಲ್ಲದಿದ್ದರೆ ಎಪ್ಪತ್ತೆರಡು ಮಂದಿಗೆ ಸಮಜಾಯಿಷಿ ಕೊಡಬಲ್ಲೆ. ಆ ಹೊತ್ತಿಗೆ ಟ್ಯಾಂಕಿನ ಹತ್ತಿರ ಇಲ್ಲದಿದ್ದರೆ ನನಗೆ ನಾನೇ ಸಮಜಾಯಿಷಿ ಕೊಡಲಾರೆ.

ಈ ಅರ್ಜಿ ಓದಿದ ಮೇಲೂ ತಾವು ಒಪ್ಪುವುದಾದರೆ,
ತಮ್ಮ ವಿಶ್ವಾಸಿ,
ಕೆ. ರತ್ನಾವತಿ

ಲಗತ್ತುಗಳು:
1) ಚಾ ಅಂಗಡಿಯ ಪೇಪರ್, ಏಳು ಲೆಕ್ಕಗಳೊಂದಿಗೆ (ಎಣ್ಣೆಯ ಕಲೆ ಗೋಳಿಬಜೆಯದ್ದು, ದಯವಿಟ್ಟು ಮನ್ನಿಸಬೇಕು)
2) ಡೈನಾ ಅವರ ತಪ್ಪೊಪ್ಪಿಗೆ, ಒಂದು ಪುಟ
3) ವಿಠಲಣ್ಣನವರ ಹೇಳಿಕೆ, ಒಂದು ಸಾಲು: 'ಇನ್ನು ಒರೆಸುವುದಿಲ್ಲ'
4) ಗೋಡೆ ಗಡಿಯಾರ, ಬ್ಯಾಟರಿ ತೆಗೆದದ್ದು

ವಿ.ಸೂ.: ಸುಂದರಣ್ಣ ಸೋಮವಾರ ಹೊಸ ಕ್ರಿಲ್‌ಗಳನ್ನು ತರಲು ಒಪ್ಪಿದ್ದಾರೆ. ಅವು ಅಭ್ಯಾಸದಂತೆ ಮುಂಚಿತವಾಗಿಯೇ ಸಿದ್ಧವಾಗುವ ಸಂಭವ ಇರುವುದರಿಂದ, ತಮ್ಮ ಆದೇಶವನ್ನು ಕನಿಷ್ಠ ಎಂಟು ನಿಮಿಷ ಮೊದಲು ದಯಪಾಲಿಸಬೇಕಾಗಿ ವಿನಂತಿ.