ಕೋಟೆ ನೋಡಲು ಒಂದು ತಾಲೀಮು

ಬಕೆಟ್ ಸಾಹೇಬರ ದೂರು ಒಂದೇ. ಮನೆಯವರಿಗೆ ಶಿಸ್ತಿಲ್ಲ. ಶಿಸ್ತು ಎಂಬುದು ಸಾಸಿವೆಯಷ್ಟಾದರೂ ಇದ್ದಿದ್ದರೆ, ಎರಡು ವರ್ಷದಲ್ಲಿ ಮೂರು ಸಲ ಹೊರಟ ಐತಿಹಾಸಿಕ ಪ್ರವಾಸ ಮೂರು ಸಲವೂ ಅರ್ಧ ದಾರಿಯಿಂದ ವಾಪಸಾಗುತ್ತಿತ್ತೇ?

ಸಾಹೇಬರು ನಗರದ ದೊಡ್ಡ ನೂಲಿನ ಗಿರಣಿಯಲ್ಲಿ ಬೆಂಕಿ ಸುರಕ್ಷತೆಯ ಅಧಿಕಾರಿ. ಗಿರಣಿಯ ಮೂಲೆ ಮೂಲೆಗೆ ಮರಳು ತುಂಬಿದ ಕೆಂಪು ಬಕೆಟ್ ನೇತುಹಾಕಿಸಿ, ದಿನಾ ಬೆಳಿಗ್ಗೆ ಒಂದೊಂದರಲ್ಲೂ ಬೆರಳಾಡಿಸಿ ಬೀಡಿ ತುಂಡು ಹುಡುಕುತ್ತಾರೆ. ಬಕೆಟ್ ಸಾಹೇಬರೆಂದು ಕೆಲಸಗಾರರು ಇಟ್ಟ ಹೆಸರು ಗೇಟು ದಾಟಿ, ಬೀದಿ ದಾಟಿ, ಮನೆಯ ಹೊಸ್ತಿಲಿನೊಳಗೂ ಬಂದುಬಿಟ್ಟಿತು. ತಿಂಗಳಿಗೊಮ್ಮೆ ಬೆಂಕಿ ತಾಲೀಮು ನಡೆಸುವುದು ಅವರ ಜೀವನದ ಪರಮಾನಂದ. ಗಂಟೆ ಬಾರಿಸಬೇಕು, ನಾನೂರು ಜನ ಸಾಲಾಗಿ ಅಂಗಳಕ್ಕೆ ಬರಬೇಕು, ಸಾಹೇಬರು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ತಲೆ ಎಣಿಸಬೇಕು. ಎಣಿಕೆ ಸರಿ ಬಂದರೆ ಎರಡು ಸೀಟಿ. (ಹನ್ನೊಂದು ವರ್ಷದಲ್ಲಿ ಗಿರಣಿಗೆ ಬೆಂಕಿ ಬಿದ್ದಿಲ್ಲ. ಅದು ತಮ್ಮಿಂದಲೇ ಎಂದು ಸಾಹೇಬರ ನಂಬಿಕೆ. ಬೆಂಕಿಗೂ ಅವರನ್ನು ಕಂಡರೆ ಬೇಸರ ಎಂದು ಕೆಲಸಗಾರರ ನಂಬಿಕೆ.)

ಹಿಂದಿನ ಮೂರು ಪ್ರವಾಸಗಳ ಕತೆಯನ್ನೂ ಹೇಳಿಬಿಡಬೇಕು. ಮೊದಲನೆಯ ಸಲ ದಾರಿಯ ಪೆಟ್ರೋಲ್ ಬಂಕಿನಲ್ಲಿ ಸಾಹೇಬರು ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ತಾರೀಕು ಓದಿದರು. ಅವಧಿ ಮುಗಿದಿತ್ತು. ಬಂಕಿನ ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಎರಡೂವರೆ ಗಂಟೆ ಪಾಠ ಮಾಡಿದರು. ಎರಡನೆಯ ಸಲ ತಿಂಡಿಗೆ ನಿಂತ ಹೋಟೆಲಿನ ಹಿಂಬಾಗಿಲಿಗೆ ಈರುಳ್ಳಿ ಮೂಟೆ ಅಡ್ಡ ಇದ್ದವು. ತುರ್ತು ಬಾಗಿಲಿಗೆ ಅಡ್ಡವೇ ಎಂದು ತಾವೇ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು, ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿ ಮನೆಗೆ ಬಂದರು. ಮೂರನೆಯ ಸಲ ಹೊಲದ ನಡುವೆ ಹೊಗೆ ಕಂಡಿತು. ಗಾಡಿ ನಿಲ್ಲಿಸಿ, ಕುಡಿಯುವ ನೀರಿನ ಕ್ಯಾನು ಎತ್ತಿಕೊಂಡು ಓಡಿ ಸುರಿದೇಬಿಟ್ಟರು. ಯಾರೋ ಹೆಂಗಸು ಕಷ್ಟಪಟ್ಟು ಹಚ್ಚಿದ್ದ ನೀರೊಲೆ ಅದು. ಆಕೆ ಅವರ ಮೂರು ತಲೆಮಾರನ್ನೂ ಎಳೆದು ತಂದು ಸಹಸ್ರನಾಮ ಹಾಡಿದಳು. ಗಾಡಿಯಲ್ಲಿ ಕುಡಿಯಲು ಹನಿ ನೀರಿಲ್ಲದೆ ಎಲ್ಲರೂ ವಾಪಸು.

ಈ ಮೂರನ್ನೂ ಸಾಹೇಬರು ಕಡತದಲ್ಲಿ ಬರೆದಿಟ್ಟಿದ್ದರು. ‘ವೈಫಲ್ಯಕ್ಕೆ ಕಾರಣ’ ಎಂಬ ಕಾಲಮಿನಲ್ಲಿ ಮೂರು ಕಡೆಯೂ ಒಂದೇ ಸಾಲು: ಕುಟುಂಬದವರು ಗಾಡಿ ಹತ್ತಲು ಇಪ್ಪತ್ತು ನಿಮಿಷ ತಡ ಮಾಡಿದ್ದು.

ಪ್ರವಾಸ ಯಾರಿಗಾಗಿ ಎಂದರೆ, ಅತ್ತೆಗಾಗಿ. ಸಾಹೇಬರ ಹೆಂಡತಿಯ ತಾಯಿ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವರು. ಪ್ರವಾಸದಲ್ಲಿ ನೋಡಬೇಕಿದ್ದ ಕೋಟೆಯ ನಕ್ಷೆಯನ್ನು ಕಣ್ಣು ಮುಚ್ಚಿಕೊಂಡು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದರು. ವಾಯವ್ಯದ ಗೋಡೆ ಒಡೆದು ಶತ್ರುಗಳು ನುಗ್ಗಿದ ಕತೆ ಹೇಳುವಾಗ ಕೊನೆಯ ಬೆಂಚಿನವರೂ ಉಸಿರು ಬಿಗಿ ಹಿಡಿಯುತ್ತಿದ್ದರಂತೆ. ಒಮ್ಮೆ ಒಬ್ಬಳು ಎದ್ದು ನಿಂತು, “ಮಿಸ್, ನೀವು ನೋಡಿದೀರಾ?” ಎಂದು ಕೇಳಿದಳು. ಮಿಸ್ ನೋಡಿದ್ದೇನೆ ಎಂದುಬಿಟ್ಟರು. ಆ ಒಂದು ಸುಳ್ಳು ಇಷ್ಟು ವರ್ಷವೂ ಅವರನ್ನು ಚುಚ್ಚುತ್ತಲೇ ಇತ್ತು. ಈಗ ಮಂಡಿ ಕೈಕೊಡುತ್ತಿದೆ. ಇನ್ನೊಂದು ವರ್ಷ ಕಳೆದರೆ ಕೋಟೆಯ ಮೆಟ್ಟಿಲಿರಲಿ, ಮನೆಯ ಮೆಟ್ಟಿಲೂ ದೊಡ್ಡದೇ.

ಹಾಗಾಗಿ ಈ ಸಲ ಹೆಂಡತಿ ಖಡಾಖಂಡಿತವಾಗಿ ಹೇಳಿದಳು. (ಆಕೆ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ದೊಡ್ಡ ದೊಡ್ಡ ಸರ್ಜನ್ನುಗಳೇ ಆಕೆಯ ಮುಂದೆ ಕೈ ತೊಳೆದುಕೊಂಡು ನಿಲ್ಲುತ್ತಾರೆ.)

“ನೋಡ್ರೀ, ಈ ಸಲ ನಮ್ಮಮ್ಮ ಆ ಗೋಡೆ ಮುಟ್ಟದೇ ವಾಪಸ್ ಬಂದ್ರೆ, ಇನ್ಮೇಲೆ ಈ ಮನೆ ಪ್ರವಾಸಕ್ಕೆ ನೀವು ಮುಖ್ಯಸ್ಥರಲ್ಲ. ಬರೀ ಪ್ರಯಾಣಿಕರು.”

ಗಿರಣಿಯಲ್ಲಿ ನಾನೂರು ಜನಕ್ಕೆ ಮುಖ್ಯಸ್ಥ, ಮನೆಯಲ್ಲಿ ಕಿಟಕಿ ಪಕ್ಕ ಕೂತು ಹೊಲ ಎಣಿಸುವ ಪ್ರಯಾಣಿಕ. ಆ ಅವಮಾನವನ್ನು ನೆನೆದೇ ಸಾಹೇಬರಿಗೆ ಊಟ ಸೇರಲಿಲ್ಲ. ಕೈ ತೊಳೆಯುತ್ತಿದ್ದಾಗ ಮಿಂಚಿನಂತೆ ಉಪಾಯ ಹೊಳೆಯಿತು: ತಾಲೀಮು.

ಒಂದು ವಾರ ಕೂತು ಹದಿನಾಲ್ಕು ಪುಟದ ಪ್ರವಾಸ ಸಂಹಿತೆ ರಚಿಸಿದರು. ಭಾನುವಾರ ಏಳಕ್ಕೆ ಹೊರಡತಕ್ಕದ್ದು. ಒಂಬತ್ತೂವರೆಗೆ ಕೋಟೆ, ಹನ್ನೆರಡು ಹತ್ತಕ್ಕೆ ಅರಮನೆ, ಮೂರು ನಲವತ್ತಕ್ಕೆ ಹಳೆಯ ಕಲ್ಲು ಸೇತುವೆ. ಅನಿರೀಕ್ಷಿತ ವಿಳಂಬಕ್ಕೆಂದೇ ಪ್ರತ್ಯೇಕವಾಗಿ ನಲವತ್ತೈದು ನಿಮಿಷ. ಸಂಜೆ ಏಳಕ್ಕೆ ಮನೆ. ಎಲ್ಲರ ಪರ್ಸೂ ಒಂದೇ ಚೀಲದಲ್ಲಿ ಇರತಕ್ಕದ್ದು. ಎಣಿಕೆ ಮುಗಿದು ಎರಡು ಸೀಟಿ ಕೇಳಿದೊಡನೆ ಗಾಡಿ ಚಲಿಸತಕ್ಕದ್ದು. ಬಿಟ್ಟುಹೋದ ಯಾವ ವಸ್ತುವಿಗಾಗಿಯೂ ಗಾಡಿ ಹಿಂದಿರುಗಿಸತಕ್ಕದ್ದಲ್ಲ. ಹನ್ನೊಂದು ವರ್ಷದ ಮಗಳು ಇದನ್ನೆಲ್ಲ ಕುತೂಹಲದಿಂದ ಓದಿ, ತಕ್ಕದ್ದು ಎಷ್ಟಿವೆ ಎಂದು ಎಣಿಸಿ, ಎಂಬತ್ತಾರು ಎಂದು ಅಜ್ಜಿಗೆ ವರದಿ ಮಾಡಿದಳು.

ಭಾನುವಾರದ ಪ್ರವಾಸಕ್ಕೆ ಶನಿವಾರ ಬೆಳಿಗ್ಗೆ ಐದೂವರೆಯಿಂದ ತಾಲೀಮು. ಬಾಡಿಗೆ ವ್ಯಾನಿನ ಚಾಲಕನಿಗೆ ಒಂದೆರಡು ಗಂಟೆ ಮಟ್ಟಿಗೆ ಬರಹೇಳಿದ್ದರು. ಆತ ಸಂಹಿತೆಯ ತನ್ನ ಪಾಲಿನ ಪುಟವನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು, ಸಾಹೇಬರ ಹೆಂಡತಿಯ ಕಡೆ ಅನುಕಂಪದಿಂದ ನೋಡಿದ. ಆಕೆ ಬುತ್ತಿಯ ಡಬ್ಬಿಗಳನ್ನು ಇವತ್ತು ಖಾಲಿ ಇಟ್ಟರೆ ಸಾಲದೇ ಎಂದು ಕೇಳಿದ್ದಳು. ಸಾಹೇಬರು ಸುತರಾಂ ಒಪ್ಪಲಿಲ್ಲ. ತಾಲೀಮಿಗೆ ಮರಳಿಲ್ಲದ ಬಕೆಟ್ ಇಟ್ಟವನನ್ನು ಅವರು ಗಿರಣಿಯಲ್ಲಿ ಸುಮ್ಮನೆ ಬಿಟ್ಟವರೇ ಅಲ್ಲ. ಆದ್ದರಿಂದ ಆಕೆ ನಾಲ್ಕಕ್ಕೇ ಎದ್ದು ನಾಲ್ವರಿಗೂ ನಿಜವಾದ ಬುತ್ತಿ ಕಟ್ಟಿದಳು. ನೀರು, ಹಣ್ಣು, ಛತ್ರಿ, ಅತ್ತೆಯ ಮಾತ್ರೆ, ಮಗಳ ಟೋಪಿ, ಎಲ್ಲವೂ ನಿಜವೇ. ಮನೆಗೆ ನಿಜವಾಗಿಯೇ ಬೀಗ ಹಾಕಿ ಬೀಗದ ಕೈ ಹೆಂಡತಿಯ ಕೈಚೀಲ ಸೇರಿತು.

ಮೊದಲ ಸಲ ಇಪ್ಪತ್ಮೂರು ನಿಮಿಷ ಹಿಡಿಯಿತು. ಸಾಹೇಬರು ತಲೆ ಚಚ್ಚಿಕೊಂಡು ಎಲ್ಲರನ್ನೂ ಇಳಿಸಿ, ಬುತ್ತಿ ಅಡಿಗೆಮನೆಗೆ, ಛತ್ರಿ ಗೂಟಕ್ಕೆ, ಅತ್ತೆಯನ್ನು ಅವರ ಕುರ್ಚಿಗೆ ವಾಪಸು ಕಳಿಸಿದರು. ಎರಡನೆಯ ಸಲ ಹದಿನೈದು. ಮೂರನೆಯ ಸಲ ಒಂಬತ್ತು. ಆ ಹೊತ್ತಿಗೆ ಅತ್ತೆ ಮೂರು ಸಲ ಹತ್ತಿ ಮೂರು ಸಲ ಇಳಿದು, ಮಂಡಿ ಹಿಡಿದುಕೊಂಡು, ಶತ್ರುಗಳು ಕೋಟೆ ಹತ್ತಿದ್ದು ಒಂದೇ ಸಲ ಎಂದು ಮೆಲ್ಲಗೆ ನೆನಪಿಸಿದರು. ಸಾಹೇಬರು ಇನ್ನೊಂದೇ ಸಲ ಅತ್ತೆ, ಇದರ ನಂತರ ಬೀದಿ ಒಂದು ಸುತ್ತು ಹಾಕಿ ಬಂದರೆ ಮುಗಿಯಿತು ಎಂದು ಅಂಗಲಾಚಿದರು.

ನಾಲ್ಕನೆಯ ಸಲ ಪವಾಡವೇ ನಡೆಯಿತು. ಆರು ನಿಮಿಷ ನಲವತ್ತು ಸೆಕೆಂಡು. ಸಾಹೇಬರು ಗೇಟಿನ ಪಕ್ಕ ನಿಂತು ಹಲಗೆಗೆ ಸಿಕ್ಕಿಸಿದ ಪಟ್ಟಿ ನೋಡಿ ಎಣಿಸಿದರು. ಅತ್ತೆ, ಹೆಂಡತಿ, ಮಗಳು. ಮೂರಕ್ಕೆ ಮೂರು, ಎಣಿಕೆ ಸರಿ. (ಹನ್ನೊಂದು ವರ್ಷದಿಂದ ಹೊರಗೆ ನಿಂತು ಬೇರೆಯವರನ್ನೇ ಎಣಿಸಿದವರು ಅವರು. ಎಣಿಸುವವನನ್ನೂ ಎಣಿಸಬೇಕು ಎಂಬುದು ಅವರ ಕಾನೂನಿನಲ್ಲೇ ಇಲ್ಲ.) ಗಡಿಯಾರದಲ್ಲಿ ಸರಿಯಾಗಿ ಏಳು. ಆನಂದ ತಡೆಯಲಾರದೆ ಕೆನ್ನೆ ಉಬ್ಬಿಸಿ ಎರಡು ಸೀಟಿ ಊದಿದರು. ವ್ಯಾನು ಹೊರಟಿತು.

ಬೀದಿ ಸುತ್ತಿ ಬರಲು ನಾಲ್ಕು ನಿಮಿಷ ಸಾಕು. ಎಂಟು ನಿಮಿಷವಾಯಿತು. ಹನ್ನೆರಡಾಯಿತು. ಸಾಹೇಬರು ಚಾಲಕನಿಗೆ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಅಂಶವಾರು ಪಟ್ಟಿ ಮಾಡಿದರು. ಇಪ್ಪತ್ತನೆಯ ನಿಮಿಷಕ್ಕೆ ಜೇಬಿನ ಫೋನು ಬಡಿದುಕೊಂಡಿತು.

“ರೀ, ನಾವು ಊರಾಚೆ ಬಂದ್ವಿ,” ಎಂದಳು ಹೆಂಡತಿ.

“ಊರಾಚೆ ಯಾಕೆ? ಬೀದಿ ಸುತ್ತಿ ಬಾ ಅಂದಿದ್ದಲ್ವಾ?”

“ಅಮ್ಮನಿಗೆ ನಾಳೆ ಇನ್ನೊಂದ್ಸಲ ಹತ್ತೋಕೆ ಆಗಲ್ವಂತೆ. ಮಂಡಿ ಈಗ್ಲೇ ಊದ್ತಾ ಇದೆ. ಬುತ್ತಿ ಇದೆ, ನೀರಿದೆ, ಬೀಗ ಹಾಕಿದೆ. ಡ್ರೈವರ್ ನಾಳೆ ಬಾಡಿಗೆ ಇವತ್ತೇ ಮಾಡ್ಕೊಳ್ಳಿ ಅಂದ್ರು. ಹೊರಟೇಬಿಟ್ವಿ.”

“ಮತ್ತೆ ನಾನು?”

ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ ಮಗಳ ದನಿ, ಸ್ಪಷ್ಟವಾಗಿ, ಶಾಲೆಯಲ್ಲಿ ಗಟ್ಟಿಯಾಗಿ ಓದುವ ಹಾಗೆ: “ಬಿಟ್ಟುಹೋದ ಯಾವ ವಸ್ತುವಿಗಾಗಿಯೂ ಗಾಡಿ ಹಿಂದಿರುಗಿಸತಕ್ಕದ್ದಲ್ಲ.”

ಬಸ್ಸು ಹಿಡಿದು ಬರುತ್ತೇನೆಂದರು ಸಾಹೇಬರು. ಜೇಬು ಮುಟ್ಟಿ ನೋಡಿದರೆ ಪರ್ಸಿಲ್ಲ. ಎಲ್ಲರ ಪರ್ಸೂ ಒಂದೇ ಚೀಲದಲ್ಲಿ ಇತ್ತು, ಚೀಲ ವ್ಯಾನಿನಲ್ಲಿತ್ತು, ಅದೂ ಅವರದೇ ಸಂಹಿತೆ. ಮನೆಗೆ ಬೀಗ. ಕೈಯಲ್ಲಿ ಉಳಿದದ್ದು ಸೀಟಿ, ಸ್ಟಾಪ್‌ವಾಚು, ಹಲಗೆ. ಸಾಹೇಬರು ಮೆಟ್ಟಿಲ ಮೇಲೆ ಕುಸಿದು ಕೂತರು.

ಪಕ್ಕದ ಮನೆಯಾಕೆ ಗಿಡಕ್ಕೆ ನೀರು ಹಾಕಲು ಬಂದು, ಮನೆಯವರೆಲ್ಲ ಎಲ್ಲಿ ಎಂದು ವಿಚಾರಿಸಿದರು. ತಾಲೀಮಿಗೆ ಹೋಗಿದ್ದಾರೆ ಎಂದು ಸಾಹೇಬರು ಗಂಭೀರವಾಗಿ ಉತ್ತರಿಸಿದರು. ಮಧ್ಯಾಹ್ನ ಆಕೆ ಒಂದು ತಟ್ಟೆಯಲ್ಲಿ ಊಟ ತಂದಿಟ್ಟು, ತಾಲೀಮು ಇನ್ನೂ ಮುಗಿಯಲಿಲ್ಲವೇ ಎಂದು ಕೇಳಿದರು. ಸಾಹೇಬರ ಮುಖದ ನೀರಿಳಿಯಿತು. ಊಟ ಮಾತ್ರ ಪೂರ್ತಿ ಮಾಡಿದರು.

ಅಂದು ಅವರ ಮನಸ್ಸು ಪಟ್ಟ ಪಾಡು ಯಾರಿಗೂ ಬೇಡ. ಒಂಬತ್ತು ಗಂಟೆಗೆ, ತಮ್ಮನ್ನು ಬಿಟ್ಟು ಹೋದವರ ಗಾಡಿಯ ಒಂದು ಟೈರಾದರೂ ಪಂಕ್ಚರ್ ಆಗಲಿ ಎಂದು ಹಾರೈಸಿದರು. ಒಂಬತ್ತೂಕಾಲಿಗೆ, ಟೈರ್ ಪಂಕ್ಚರ್ ಆದರೆ ತಮ್ಮ ಸಂಹಿತೆಯ ಮಾನ ಹೋಗುತ್ತದಲ್ಲ ಎಂದು ಹೌಹಾರಿ, ಹಾರೈಕೆ ವಾಪಸು ಪಡೆದರು. ಒಂಬತ್ತೂವರೆಗೆ ಫೋನಿಗೆ ಒಂದು ಫೋಟೋ ಬಂತು: ಕೋಟೆಯ ಹೆಬ್ಬಾಗಿಲು. ಸರಿಯಾಗಿ ಒಂಬತ್ತೂವರೆ. ಹೊಟ್ಟೆಯುರಿಯೂ ಹೆಮ್ಮೆಯೂ ಒಟ್ಟಿಗೇ ಬಂದು ಸಾಹೇಬರಿಗೆ ಬಿಕ್ಕಳಿಕೆ ಹತ್ತಿಕೊಂಡಿತು.

ಹತ್ತೂ ಹತ್ತಕ್ಕೆ ಇನ್ನೊಂದು ಫೋಟೋ. ಅತ್ತೆ ಮುರಿದ ಗೋಡೆಯ ಕಡೆ ಛತ್ರಿ ಚಾಚಿ ನಿಂತಿದ್ದಾರೆ. ಸುತ್ತ ಗುರುತು ಪರಿಚಯವಿಲ್ಲದ ಇಪ್ಪತ್ತು ಮೂವತ್ತು ಜನ ಬಾಯಿಬಿಟ್ಟುಕೊಂಡು ಕೇಳುತ್ತಿದ್ದಾರೆ. ಹಿಂದೆಯೇ ಕರೆ ಬಂತು. ಅತ್ತೆಯದೇ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವರಾಗಿ ಅಳಿಯನಿಗೆ ಫೋನು ಮಾಡಿದ್ದು ಅದೇ ಮೊದಲು.

“ಅಳಿಯಂದ್ರೇ, ಗೋಡೆ ನಾನು ಬೋರ್ಡಲ್ಲಿ ಬರೀತಿದ್ದಷ್ಟು ಎತ್ತರ ಇಲ್ಲ. ಆದ್ರೆ ಒಡೆದಿರೋದು ಅಲ್ಲೇ, ವಾಯವ್ಯದಲ್ಲೇ. ಮುಟ್ಟಿದೆ. ಇನ್ಮೇಲೆ ನೋಡಿದೀನಿ ಅಂತ ಹೇಳಬಹುದು,” ಎಂದರು.

ಸಾಹೇಬರು ಮಂಡಿ ಹೇಗಿದೆ ಅತ್ತೆ ಎಂದು ಮಾತ್ರ ಕೇಳಿದರು. ನಿಜಕ್ಕೂ ಖುಷಿಯಾಗಿತ್ತು ಅವರಿಗೆ. ಮೆಟ್ಟಿಲ ಮೇಲೆ ಕೂತಿದ್ದರೂ, ಆ ಗೋಡೆಯನ್ನು ತಾವೇ ಅತ್ತೆಯ ಕೈಗೆ ತಂದುಕೊಟ್ಟ ಹಾಗೆ ಅನ್ನಿಸಿತು. ಹನ್ನೆರಡು ಹತ್ತಕ್ಕೆ ಅರಮನೆ ಬಂತು. ಮೂರು ನಲವತ್ತಕ್ಕೆ ಸೇತುವೆ. ಒಂದೊಂದು ಫೋಟೋಗೂ ಸಾಹೇಬರು ಸ್ಟಾಪ್‌ವಾಚ್ ನೋಡಿ ಪಟ್ಟಿಯಲ್ಲಿ ಸರಿ ಗುರುತು ಹಾಕಿದರು.

ಸಂಜೆ ಆರೂಕಾಲಿಗೇ ವ್ಯಾನು ಗೇಟಿನ ಮುಂದೆ ನಿಂತಿತು. ಅತ್ತೆ ಮೊಮ್ಮಗಳ ಭುಜ ಹಿಡಿದು ಇಳಿದು, ಅಳಿಯನ ಮುಂದೆ ನಿಂತು, ಇಂಥ ಅಚ್ಚುಕಟ್ಟಾದ ಏರ್ಪಾಡನ್ನು ತಮ್ಮ ಶಾಲೆಯ ಯಾವ ಹೆಡ್ಮಾಸ್ಟರೂ ಮಾಡಿರಲಿಲ್ಲ ಎಂದರು. ಚಾಲಕ ಕೂಡ ಸಂಹಿತೆಯ ಪುಟವನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಬಹುದೇ ಎಂದು ಕೇಳಿದ. ಸಾಹೇಬರ ಎದೆ ಎರಡಂಗುಲ ಉಬ್ಬಿತು. ಆದರೂ ಕೆಲಸದ ಮನುಷ್ಯ, ಲೆಕ್ಕ ತಪ್ಪಿದ್ದನ್ನು ಬಿಡುವವರಲ್ಲ.

“ಏಳಕ್ಕೆ ಬರಬೇಕಿತ್ತು. ಮುಕ್ಕಾಲು ಗಂಟೆ ಮೊದಲೇ ಹೇಗೆ ಬಂದ್ರಿ? ಅನಿರೀಕ್ಷಿತ ವಿಳಂಬಕ್ಕೆ ಅಂತ ನಲವತ್ತೈದು ನಿಮಿಷ ಇಟ್ಟಿದ್ನಲ್ಲ?”

ಮಗಳು ಟೋಪಿ ತೆಗೆಯುತ್ತಾ ಮುಗ್ಧವಾಗಿ ಹೇಳಿದಳು, “ಅದನ್ನ ಮನೇಲೇ ಬಿಟ್ಟು ಹೋಗಿದ್ವಲ್ಲ ಅಪ್ಪಾ.”

ಚಾಲಕ ಏನೋ ಕೆಮ್ಮು ಬಂದವನಂತೆ ಆ ಕಡೆ ತಿರುಗಿದ. ಅತ್ತೆ ಛತ್ರಿ ಮಡಚುವುದರಲ್ಲಿ ಮುಳುಗಿದರು. ಸಾಹೇಬರ ಕಣ್ಣ ಮುಂದೆ ಪೆಟ್ರೋಲ್ ಬಂಕು, ಈರುಳ್ಳಿ ಮೂಟೆ, ಹೊಲದ ಹೊಗೆ ಸಾಲಾಗಿ ಬಂದು ನಿಂತವು. ಎಣಿಸಿದರು. ಮೂರಕ್ಕೆ ಮೂರು.

ಆದರೂ ಕೊನೆಯ ಮಾತು ಉಳಿದಿತ್ತು. ಗಂಟಲು ಸರಿಮಾಡಿಕೊಂಡು, “ಏನೇ ಆಗ್ಲಿ, ಅತ್ತೆ ಗೋಡೆ ಮುಟ್ಟಿದ್ರು. ಮಾತಿನ ಪ್ರಕಾರ ಮುಖ್ಯಸ್ಥ ಇನ್ನೂ ನಾನೇ ತಾನೆ?” ಎಂದರು.

“ಸಂದೇಹವೇ ಬೇಡ,” ಎಂದಳು ಹೆಂಡತಿ, ಬೀಗ ತೆಗೆದು, ಅವರಿಗೆಂದು ಕಟ್ಟಿದ್ದ ಬುತ್ತಿಯ ಡಬ್ಬಿಯನ್ನು ಹಾಗೇ ಅವರ ಕೈಗಿಡುತ್ತಾ. “ಮುಂದಿನ ತಿಂಗಳು ಹಳೇ ರಾಜಧಾನಿಗೆ ಹೋಗ್ತಿದೀವಿ. ಅದಕ್ಕೂ ನೀವೇ ಮುಖ್ಯಸ್ಥರು. ಪ್ರಯಾಣಿಕರು ಮಾತ್ರ ನಾವು ಮೂರೇ ಜನ.”